ಮಹಾಲಿಂಗಪ್ಪನ ಕಾರಿಗೆ ಹತ್ತಿದ ಕೈ

"ಈ ಗಾಡಿಗೆ ನನ್ನ ಕೈ ಬಿಟ್ಟು ಬ್ಯಾರೇದವರ ಕೈ ಹತ್ತಿಲ್ರೀ."

ಧಾರವಾಡದ ಮಹಾಲಿಂಗಪ್ಪ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಪಕ್ಕದ ಮನೆಯ ಇಂಗ್ಲಿಷ್ ಮುದುಕಿಯ ಗಿಳಿಗೂ ಅದು ಬಾಯಿಪಾಠವಾಗಿತ್ತು. ಮುದುಕಿ ಅದನ್ನು ಯಾವುದೋ ಪ್ರಾರ್ಥನೆಯೆಂದು ತಿಳಿದು, ಗಿಳಿ ಬಾಯಿ ತೆರೆದಾಗಲೆಲ್ಲ ಟೀವಿಯ ಸದ್ದು ತಗ್ಗಿಸುತ್ತಿದ್ದಳು.

ಮಹಾಲಿಂಗಪ್ಪ ಟ್ಯೂಬ್ ಎಂಬ ನೆಲದಡಿಯ ರೈಲಿನ ಸ್ಟೇಷನ್ನಿನ ಟಿಕೆಟ್ ಆಫೀಸಿನಲ್ಲಿದ್ದ. ವರ್ಷಗಟ್ಟಲೆ ಗಾಜಿನ ಹಿಂದೆ ಕೂತು ಊರವರನ್ನೆಲ್ಲ ಅವರವರ ದಾರಿಗೆ ಕಳಿಸಿದ. ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ಆ ರೈಲಿನ ಜುಬಿಲಿ ಲೈನ್ ಸ್ಟ್ಯಾನ್ಮೋರಿಗೆ ಮುಗಿದೇ ಹೋಗುತ್ತದೆ. ಅದರಾಚೆ ಹೋಗುವವನಿಗೆ ಸ್ವಂತದ್ದೇನಾದರೂ ಬೇಕು. ಅದಕ್ಕೆ ತೊಂಬತ್ತೆಂಟರಲ್ಲಿ ಒಂದು ಹಳೇ ಕೆಂಪು ಮಾಜ್ದಾ ಕಾರು ತಂದ. ಅದರ ಹಿಂದಿನ ಸೀಟಿನಲ್ಲಿ ಒಂದು ಕುಂಬಳಕಾಯಿ ಕೂರಬಹುದಿತ್ತು, ಅದೂ ಮೊಣಕಾಲು ಮಡಚಿಕೊಂಡು.

ಅದು ರೋಟರಿ ಎಂಜಿನ್ನಿನ ಕಾರು. ಪಿಸ್ಟನ್ ಎಂಬುದೇ ಇಲ್ಲ. ಒಳಗೆ ಮುಕ್ಕೋನದ ಎರಡು ರೋಟರುಗಳು ಬೀಸುವ ಕಲ್ಲಿನ ಹಾಗೆ ಗರಗರ ತಿರುಗುತ್ತವೆ. "ನಮ್ಮವ್ವ ಜ್ವಾಳಾ ಬೀಸೂ ಮುಂದ ಇದೇ ಸಪ್ಪಳ ಬರತಿತ್ರೀ" ಎನ್ನುತ್ತಿದ್ದ. ಎಂಜಿನ್ನು ನಿಮಿಷಕ್ಕೆ ಏಳು ಸಾವಿರ ಸುತ್ತು ಸುತ್ತುತ್ತದೆ. ಅವನ ತಾಯಿಯೂ ಆ ವೇಗದಲ್ಲಿ ಬೀಸಿದ್ದರೆ ಧಾರವಾಡ ಜಿಲ್ಲೆ ಇವತ್ತು ಹಿಟ್ಟಿನಡಿ ಹೂತುಹೋಗಿರುತ್ತಿತ್ತು. ನಾನು ಅದನ್ನು ಹೇಳಲು ಹೋಗಲಿಲ್ಲ. ತಂದ ಹೊಸದರಲ್ಲೇ ಎಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ. ಹಳೇ ಮಾಲೀಕನ ಕೈ ಅಲ್ಲಿಗೆ ತೊಳೆದುಹೋಯಿತೆಂಬುದು ಅವನ ಲೆಕ್ಕ.

ಲಂಡನ್ನಿನಲ್ಲಿ ಪಂಚಾಂಗ ಏನೇ ಹೇಳಲಿ, ನಮ್ಮ ಹಬ್ಬಗಳೆಲ್ಲ ಭಾನುವಾರಕ್ಕೇ ಬರುತ್ತವೆ. ಎರಡು ಸಾವಿರದ ಒಂದರಲ್ಲಿ ಆಯುಧಪೂಜೆ ಒಂದು ಭಾನುವಾರ ಬಂತು, ಬನ್ನಿ ಕೊಡುವ ವಿಜಯದಶಮಿ ಅದರ ಮುಂದಿನ ಭಾನುವಾರ. ಪೂಜೆಯ ದಿನ ಬಾನೆಟ್ ಎತ್ತಿ ನಿಲ್ಲಿಸಿ, ಮಹಾಲಿಂಗಪ್ಪನ ಹೆಂಡತಿ ಗಿರಿಜಾದೇವಿಯವರು ಕೈಗೆ ಎಟುಕಿದ್ದಕ್ಕೆಲ್ಲ ಅರಿಶಿನ ಕುಂಕುಮ ಹಚ್ಚಿದರು. ನಾನೂ ಕರುಣಾಕರನೂ ಹೋಗಿದ್ದೆವು. ಕರುಣಾಕರ ಕುಂದಾಪುರದವನು, ಈಸ್ಟ್ ಹ್ಯಾಮಿನ ಹೋಟೆಲಿನಲ್ಲಿ ದೋಸೆ ಭಟ್ಟ. ಪಾಯಸ ಎಲ್ಲಿರುತ್ತದೋ ಅಲ್ಲಿ ನಾವಿಬ್ಬರೂ ಆಸ್ತಿಕರು.

ಮರುದಿನವೇ ಕಾರಿಗೆ ಜ್ವರ ಬಂತು. ಎಂಜಿನ್ನಿನಿಂದ ಹೊಗೆ ಹೊರಬೀಳುವ ಮೊದಲ ಕೊಳವೆ, ಅದಕ್ಕೆ ಹೆಡರ್ ಅನ್ನುತ್ತಾರೆ, ಕಮ್ಮಾರನ ಕುಲುಮೆಯ ಸಲಾಕೆಯ ಹಾಗೆ ಕೆಂಪಗೆ ಕಾಯತೊಡಗಿತು. ಹೀಥ್ರೋಗೆ ಇಳಿಯುವ ಪೈಲಟ್ಟುಗಳು ರನ್‌ವೇ ಸ್ಟ್ಯಾನ್ಮೋರಿಗೆ ಬಂತೇ ಎಂದು ಗಾಬರಿಯಾದರಂತೆ. ನಾನು ವಿಚಾರಿಸಿಲ್ಲ, ಆದರೆ ಯಾರೂ ಅಲ್ಲಗಳೆದೂ ಇಲ್ಲ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಕಾಲಡಿಯ ಕಾರ್ಪೆಟ್ ಸುಟ್ಟ ವಾಸನೆ ಬಂದು ಗಿರಿಜಾದೇವಿಯವರ ಪಾದ ಕಾದದ್ದು.

"ಬರೋ ಐತವಾರ ಇದರಾಗ ಸಟನ್ನಿಗೆ ಹೋಗೂಣು, ನಮ್ಮ ಹಿರ್ಯಾರು ಸಿದ್ದಲಿಂಗಪ್ಪಜ್ಜಾರಿಗೆ ಬನ್ನಿ ಕೊಡಲಿಕ್ಕೆ" ಎಂದರು. "ನನ್ನ ಕಾಲು ಬೆಚ್ಚಗಾದ್ರ, ಸೋಮವಾರ ಇದು ಗುಜರಿಗೆ. ಮತ್ತ ಮಾತಿಲ್ಲ."

ಗಿರಿಜಾದೇವಿಯವರು ಮತ್ತೆ ಮಾತಿಲ್ಲ ಎಂದರೆ ಇರುವುದಿಲ್ಲ. ಮಹಾಲಿಂಗಪ್ಪನಿಗೆ ಆ ವಾರ ಊಟ ಸೇರಲಿಲ್ಲ. ಎರಡೇ ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ.

ಮೊದಲ ವೈದ್ಯ ನಾನು. "ರೇಡಿಯೇಟರಿನಲ್ಲಿ ನೀರಿಲ್ಲಪ್ಪ" ಎಂದೆ.

"ನೀರಿನ ಕಾವು ತೋರಿಸೂ ಮುಳ್ಳು ನಟ್ಟ ನಡುವ ನಿಂತದರೀ ರಾಯರ. ಎಂಜಿನ್ನು ತಣ್ಣಗದ. ಕೊಳವೀಗೆ ಅಷ್ಟೇ ಬ್ಯಾನಿ."

ಎರಡನೆಯವನು ಕರುಣಾಕರ. ಅಡುಗೆಮನೆಯ ಚಿಮಣಿ ಕಟ್ಟಿಕೊಂಡರೆ ದೋಸೆಗಿಂತ ಮೊದಲು ಭಟ್ಟ ಬೇಯುತ್ತಾನೆ ಎಂಬುದು ಅವನ ಅನುಭವ. ಸೈಲೆನ್ಸರ್ ಕೊಳವೆ ಕಟ್ಟಿರಬೇಕು ಎಂದ. ಬಿಚ್ಚಿ ಹುಲ್ಲಿನ ಮೇಲೆ ಇಟ್ಟೆವು. ಆ ತುದಿಗೆ ಅವನು ಕಣ್ಣಿಟ್ಟ, ಈ ತುದಿಗೆ ನಾನು.

"ಹ್ವಾಯ್, ನಿಮ್ ಕಣ್ ಕಾಣ್ತಿತ್ ಮಾರಾಯ್ರೆ. ಪೊರೆ ಬಂದಿತ್, ಜಿಪಿ ಡಾಕ್ಟ್ರ್ ಹತ್ರ ತೋರ್ಸಿ."

ಕೊಳವೆ ಶುದ್ಧವಾಗಿತ್ತು. ನನ್ನ ಕಣ್ಣಿನ ಆಪರೇಷನ್ ಮರುವರ್ಷ ಆಯಿತು; ನಾವಿಬ್ಬರು ವೈದ್ಯರು ಸರಿಯಾಗಿ ಪತ್ತೆಹಚ್ಚಿದ ರೋಗ ಅದೊಂದೇ.

ಆಮೇಲೆ ಮಹಾಲಿಂಗಪ್ಪ ಕಿಡಿ ಹೊತ್ತಿಸುವ ಪ್ಲಗ್ಗುಗಳನ್ನು ಬಿಚ್ಚಿ ಮೂಸಿದ. ಪೆಟ್ರೋಲಿಗೆ ಕೊರತೆಯಿಲ್ಲ. "ಒಳಗ ಸುಡಬೇಕಾದ್ದು ಹೊರಗ ಬಂದು ಸುಡಲಿಕ್ಕತ್ತದ" ಎಂದ. ಅಂದರೆ ಕಿಡಿ ತಡವಾಗಿ ಹತ್ತುತ್ತಿದೆ. ಪೆಟ್ರೋಲು ಉರಿಯುತ್ತ ಉರಿಯುತ್ತಲೇ ಕೊಳವೆಗೆ ಓಡಿಬರುತ್ತಿದೆ. ಕಿಡಿಯ ಹೊತ್ತು ನೋಡುವ ಮಿಣುಕು ದೀಪ ಹಿಡಿದು ನೋಡಿದ. ಕಿಡಿ ಹೊತ್ತಿಗೆ ಸರಿಯಾಗಿಯೇ ಹೊರಡುತ್ತಿತ್ತು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಅತಿ ಜಾಗ್ರತೆಯಿಂದ ಬಿಚ್ಚಿದ ಜಾಗಕ್ಕೇ ಹಾಕಿದ. ಕೊಳವೆ ಮತ್ತೆ ಕೆಂಪಗಾಯಿತು. ಬೇಲಿಯಾಚೆ ಗಿಳಿ ತನ್ನ ಪ್ರಾರ್ಥನೆ ಹೇಳಿತು. ಮಹಾಲಿಂಗಪ್ಪ ಅದರ ಕಡೆ ನೋಡಿದ ನೋಟಕ್ಕೆ ಬೇರೆ ಗಿಳಿಯಾಗಿದ್ದರೆ ಗರಿ ಉದುರಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಗಿರಿಜಾದೇವಿಯವರು ನಮಗೆ ಚಹಾ ತಂದರು. ಕಪ್ಪು ಕೊಡುತ್ತ ಬಾನೆಟ್ಟಿನೊಳಗೆ ಇಣುಕಿ, ಅಲ್ಲೇ ನಿಂತರು.

"ಇದೇನ್ರೀ, ಕುಂಕುಮ ಮ್ಯಾಲ ಬಂದದಲ್ಲ?"

"ಕುಂಕುಮ ಎಲ್ಲಿದ್ರೇನ, ಬಿಡ ಗಿರಿಜಾ. ಇಲ್ಲಿ ಗಾಡಿ ಹೋಗೂ ಹೊತ್ತಾಗೇದ."

"ಅಲ್ರೀ, ಪೂಜಿ ದಿನಾ ನಾ ಮ್ಯಾಲಿನ ಎರಡು ವೈರಿಗೆ ಅರಿಷಿಣ ಹಚ್ಚಿದ್ದೆ. ಅಷ್ಟರಾಗ ಅರಿಷಿಣ ತೀರಿತು. ಕೆಳಗಿನ ಎರಡಕ್ಕ ಬರೇ ಕುಂಕುಮ. ಈಗ ನೋಡಿದ್ರ ಅರಿಷಿಣ ಕೆಳಗದ, ಕುಂಕುಮ ಮ್ಯಾಲದ. ತಾವಽ ನಡಕೊಂಡು ಹೋದವೇನು?"

ಮಹಾಲಿಂಗಪ್ಪ ಚಹಾ ಕಪ್ಪನ್ನು ಬ್ಯಾಟರಿಯ ಮೇಲಿಟ್ಟ.

ಆ ಎಂಜಿನ್ನಿನಲ್ಲಿ ಒಂದೊಂದು ರೋಟರಿಗೂ ಎರಡೆರಡು ಪ್ಲಗ್. ಕೆಳಗಿನದು ಮೊದಲು ಕಿಡಿ ಹೊತ್ತಿಸಬೇಕು, ಮೇಲಿನದು ಒಂದು ಚೂರು ತಡೆದು. ಮನೆಯಲ್ಲಿ ಅತ್ತೆ ಬೈದ ಮೇಲೆ ನಾದಿನಿ ಬೈಯುವ ಕ್ರಮ. ಪೂಜೆ ಮುಗಿದು ನಾವು ಪಾಯಸಕ್ಕೆ ಕೂತಾಗ ಮಹಾಲಿಂಗಪ್ಪನಿಗೆ, ವೈರಿನ ಟೊಪ್ಪಿಗೆಯೊಳಗೆ ಅರಿಶಿನದ ನೀರು ಇಳಿದಿದ್ದರೆ ಎಂಬ ಭಯ ಹತ್ತಿತ್ತು. ಒಬ್ಬನೇ ಬಂದು ನಾಲ್ಕನ್ನೂ ಒಟ್ಟಿಗೇ ಕಿತ್ತು, ಒಳಗಷ್ಟೇ ಒರೆಸಿ, ಮತ್ತೆ ಸಿಕ್ಕಿಸುವಾಗ ಮೇಲಿನವನ್ನು ಕೆಳಗೆ, ಕೆಳಗಿನವನ್ನು ಮೇಲೆ ಹಾಕಿದ್ದ. ಹಬ್ಬದ ದಿನ ಹೆಂಡತಿ ಹಚ್ಚಿದ ಕುಂಕುಮವನ್ನು ಹೊರಗಿನಿಂದ ಒರೆಸಲು ಯಾವ ಗಂಡಸಿಗೆ ಕೈ ಬರುತ್ತದೆ? ಅದು ಹಾಗೇ ಉಳಿದಿತ್ತು. ಹೊತ್ತಿಗೆ ಹೊರಟ ಕಿಡಿ ತಪ್ಪು ಮನೆಯ ಬಾಗಿಲು ತಟ್ಟುತ್ತಿತ್ತು.

ಕರುಣಾಕರ ಬೆಲ್ಲ ಸಿಕ್ಕಿದವನ ಹಾಗೆ ಮುಖ ಮಾಡಿದ. "ಹ್ವಾಯ್, ಬೇರೆಯವ್ರ್ ಕೈ ಹತ್ಲಿಲ್ಲ ಅಂದ್ರಿ. ಹಂಗಾರೆ ಕಳ್ಳ ಯಾರ್ ಅಂತ ಕೇಂಬುದೇ ಬ್ಯಾಡ ಅಲ್ದಾ?"

ಮಹಾಲಿಂಗಪ್ಪ ನಾಲ್ಕೂ ವೈರು ಕಿತ್ತ. ಕುಂಕುಮವನ್ನು ಕೆಳಗೆ, ಅರಿಶಿನವನ್ನು ಮೇಲೆ ಹಾಕಿ ಕಾರು ಸ್ಟಾರ್ಟ್ ಮಾಡಿದ. ಬೀಸುವ ಕಲ್ಲು ಗರಗರ ತಿರುಗಿತು. ಬಹಳ ಹೊತ್ತು ಕಾದೆವು. ಕೊಳವೆ ಕಪ್ಪಗೆ, ಸಂಭಾವಿತನ ಹಾಗೆ ಇತ್ತು.

ಆದರೂ ತೀರ್ಪು ಸಟನ್ನಿನಲ್ಲಿತ್ತು. ಭಾನುವಾರ ಲಂಡನ್ನಿನ ಆ ತುದಿಯಿಂದ ಈ ತುದಿಗೆ ಹೋದೆವು. ಕುಂಬಳಕಾಯಿಯ ಜಾಗದಲ್ಲಿ ನಾನೂ ಕರುಣಾಕರನೂ ಕೂತಿದ್ದೆವು; ಇಳಿಯುವಾಗ ನನ್ನ ಒಂದು ಕಾಲು ಅವನದ್ದೆಂದು ತಿಳಿದು ಅವನು ಚಪ್ಪಲಿ ಹಾಕಲು ಹೋದ. ದಾರಿಯುದ್ದಕ್ಕೂ ಮಹಾಲಿಂಗಪ್ಪ ರಸ್ತೆಗಿಂತ ಹೆಚ್ಚು ಹೆಂಡತಿಯ ಪಾದಗಳನ್ನೇ ನೋಡುತ್ತಿದ್ದ.

ಸಿದ್ದಲಿಂಗಪ್ಪಜ್ಜ ತಮ್ಮ ಬೇಲಿಯ ಎಲೆಗಳನ್ನೇ ಬನ್ನಿಯೆಂದು ತಟ್ಟೆಯಲ್ಲಿ ಹರಡಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ಗಿರಿಜಾದೇವಿಯವರು ಕಾರಿನ ಬಾಗಿಲು ತೆರೆದು, ಕಾಲು ಹೊರಗಿಟ್ಟು, ಬಗ್ಗಿ ಎರಡೂ ಅಂಗಾಲು ಮುಟ್ಟಿ ನೋಡಿಕೊಂಡರು. ಮಹಾಲಿಂಗಪ್ಪ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

"ತಣ್ಣಗವ" ಎಂದರು. "ಇರ್ಲಿ ಗಾಡಿ. ಆದ್ರ ಆ ಮಾತು ಇನ್ನ ಸಾಕು ಮಾಡ್ರಿ. ಕುಂಕುಮ ಹಚ್ಚಿದ್ದು ಯಾರ ಕೈ? ತಪ್ಪು ತೋರಿಸಿದ್ದು ಯಾರ ಕೈ? ಇನ್ನೂ ಬ್ಯಾರೇದವರ ಕೈ ಹತ್ತಿಲ್ಲ ಅಂತೀರೇನು?"

ಮಹಾಲಿಂಗಪ್ಪ ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿದ.

"ಅಂತೀನಿ. ನೀ ಬ್ಯಾರೇದಾಕಿ ಯಾವಾಗ ಆದಿ?"