ಮೂವರು ತಾತಂದಿರ ಮೊಮ್ಮಗ

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಹೊಸದಾಗಿದ್ದ ಕಾಲ. ನಮ್ಮ ಪಕ್ಕದ ಮನೆಯ ದರ್ಜಿ ತನ್ನ ತಾತನ ಸಮಾಧಿ ಹುಡುಕಿಕೊಂಡು ಮಳವಳ್ಳಿಯ ಚರ್ಚಿಗೆ ಹೋದ. ಪಾದ್ರಿಗಳ ಸಮಾಧಿ ಪುಸ್ತಕದಲ್ಲಿ ತಾತನ ಹೆಸರಿನವರೇ ಮೂವರಿದ್ದರು. "ಯಾರ್ನ ಬುಡಾದು ಏಳಿ?" ಎನ್ನುತ್ತ ಮೂವರನ್ನೂ ತಾತನೆಂದು ಒಪ್ಪಿಕೊಂಡ. ಪ್ರತಿವರ್ಷ ಸತ್ತವರ ಹಬ್ಬಕ್ಕೆ ಮೂವರಿಗೂ ಹೂವಿಟ್ಟು, ಅಳುವನ್ನೂ ಸಮನಾಗಿ ಹಂಚುತ್ತಿದ್ದ.

ಒಂದು ವರ್ಷ ನಾನೂ ಜೊತೆಗಿದ್ದೆ. ಎರಡನೆಯ ಸಮಾಧಿಯೆದುರು ಅವನು ಗೋಳಾಡುತ್ತಿದ್ದಾಗ ಮುದುಕಿಯೊಬ್ಬಳು ಬಂದಳು.

"ನಾ ಬರೋಕ್ ಮುಂಚೆ ಹೂ ಮಡಗೋನು ನೀನೇನ್ಲಾ? ಇವ್ರು ನನ್ ಗಂಡ. ನಮ್ಗೆ ಮಕ್ಳೇ ಆಗ್ನಿಲ್ಲ, ಮೊಮ್ಮಗ ಎಲ್ಲಿಂದ ಬಂದ?" ಎಂದವಳು ಸಮಾಧಿಯತ್ತ ತಿರುಗಿ, "ಇನ್ನೊಬ್ಳ್ನ ಮಡಿಕಂಡಿದ್ಯಾ?" ಎಂದು ಗಂಡನನ್ನೇ ಬೈಯತೊಡಗಿದಳು.

ದರ್ಜಿ ಎಲ್ಲ ಹೇಳಿದ. "ತಪ್ಪಾಯ್ತು ಅಜ್ಜಿ, ಇವ್ರನ್ನ ಬುಟ್ಬುಡ್ತೀನಿ."

ಮುದುಕಿ ಅವನ ಬೆನ್ನಿಗೊಂದು ಗುದ್ದಿದಳು. "ಇಷ್ಟ್ ವರ್ಸ ಅತ್ತು ಈಗ ಬುಡ್ತೀಯಾ? ನಡಿ ಮನೆಗೆ, ಇಟ್ಟು-ಸಾರು ಉಂಡ್ಕೊಂಡೋಗು."