ಬಾಡಿಗೆಯವರ ತಾಂಬೂಲ

ಅರೆಕೆರೆಯಲ್ಲಿ ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಬಾಡಿಗೆ ಮನೆಗಳಾಗುತ್ತಿದ್ದ ಕಾಲ ಅದು. ನಮ್ಮ ತಾತ ನೇಗಿಲು ಬಿಟ್ಟು ಓನರ್ ಆಗಿದ್ದರು. ಕೆಳಗೆ ನಾವು, ಮೇಲೆ ಬಾಡಿಗೆಯವರು, ತಾರಸಿಯ ಮೇಲೊಂದು ಶೀಟ್ ಹೊದಿಸಿದ ಕೋಣೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮಳೆಗಾಲದ ಶುರುವಿನಲ್ಲಿ, ಆ ಕೋಣೆಗೆ ಸುಣ್ಣ ಹೊಡೆಸಿದರು. ತಾತನ ಒಬ್ಬಳೇ ಮಗಳು ರತ್ನತ್ತೆ ಮನೆಗೆ ಬರುವವಳಿದ್ದಳು.

ಅಲ್ಲಿಯವರೆಗೆ ಯಾರು ಕೇಳಿದರೂ ಮನೆಯವರು "ಮೈಸೂರಲ್ಲಿ ಟೀಚರ್ ಆಗವ್ಳೆ" ಎನ್ನುತ್ತಿದ್ದರು. ಶುದ್ಧ ಸುಳ್ಳು. ಕಿವಿಯಲ್ಲಿ ಯಾರೋ ಮಾತಾಡುತ್ತಾರೆಂದು ಹೆದರಿ ಊಟ ನಿದ್ದೆ ಬಿಟ್ಟಿದ್ದವಳನ್ನು ನಾನು ಹುಟ್ಟುವ ಮೊದಲೇ ಮಾನಸಿಕ ಆಸ್ಪತ್ರೆಗೆ ಸೇರಿಸಿ, ಅಲ್ಲೇ ಮರೆತಿದ್ದರು. ಈಗ ಆಸ್ಪತ್ರೆಯವರೇ ಕರೆದುಕೊಂಡು ಹೋಗಿ ಎಂದಿದ್ದರು. ಅಪ್ಪನ ಜೊತೆ ನಾನೂ ಹೋಗಿದ್ದೆ.

"ಮೊದ್ಲಾದ್ರೆ ಇಲ್ಲೇ ಇಟ್ಕೊಂಡ್‌ಬಿಡ್ತಿದ್ವಿ. ಈಗ ಹಾಗಿಲ್ಲ. ಮಾತ್ರೆ ತಪ್ಪಿಸ್ಬೇಡಿ, ದಿನಾ ಡೇ ಕೇರ್‌ಗೆ ಕಳ್ಸಿ, ಜನರ ಜೊತೆ ಬೆರೆಯೋಕೆ ಬಿಡಿ. ಇಷ್ಟು ಮಾಡಿದ್ರೆ ಇವ್ರು ವಾಪಸ್ ಬರೋದೇ ಬೇಡ" ಎಂದರು ಡಾಕ್ಟರಮ್ಮ.

ಅಪ್ಪ ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡಿಸುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ.

ಡೇ ಕೇರ್ ಇದ್ದದ್ದು ಪದ್ಮನಾಭನಗರದಲ್ಲಿ. ಬೆಳಿಗ್ಗೆ ಅವರ ವ್ಯಾನು ಬರುತ್ತಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಮಾನಸಿಕ' ಎಂದು ಬರೆದಿತ್ತು, ಹಾಗಾಗಿ ತಾತ ಅದನ್ನು ಮನೆ ಮುಂದೆ ನಿಲ್ಲಿಸಗೊಡಲಿಲ್ಲ. ಹಿಂದಿನ ಬೀದಿಯ ಹಿಟ್ಟಿನ ಗಿರಣಿಯವರೆಗೆ ಅತ್ತೆ ನನ್ನ ಕೈ ಹಿಡಿದು ನಡೆಯುತ್ತಿದ್ದಳು. ಸಂಜೆ ಬಂದಾಗ ಅವಳ ಸೀರೆಯೆಲ್ಲ ಕರಗಿಸಿದ ಮೇಣದ ವಾಸನೆ. ಅಲ್ಲಿ ಮೇಣದಬತ್ತಿ ಮಾಡುತ್ತಿದ್ದರು, ಖಾರಾ ಬಿಸ್ಕತ್ತು ಸುಡುತ್ತಿದ್ದರು. ಮನೆಗೆ ತಂದ ಬಿಸ್ಕತ್ತನ್ನು ನಾನೊಬ್ಬಳೇ ತಿನ್ನುತ್ತಿದ್ದೆ.

"ಅದನ್ಯಾಕೆ ತಿಂತೀಯೇ, ಯಾರ್ಯಾರ್ ಕೈಯಾಗ್ ಮಾಡಿರ್ತಾರೋ" ಎನ್ನುತ್ತಿದ್ದಳು ಅಜ್ಜಿ. ಮಾಡಿದ್ದು ಅವಳ ಮಗಳ ಕೈಯೇ!

ತಾರಸಿಯ ಮೇಲೆ ನಾವಿಬ್ಬರೂ ಕುಂಟೆಬಿಲ್ಲೆ ಆಡುತ್ತಿದ್ದೆವು. ಮಾತ್ರೆಯಿಂದ ಅವಳ ಕೈಕಾಲು ನಡುಗುತ್ತಿತ್ತು.

"ಅತ್ತೆ, ಗೆರೆ ತುಳಿದೆ! ಔಟು!"

"ನಾನಲ್ಲ ಪುಟ್ಟಿ, ಮಾತ್ರೆ ತುಳೀತು" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಷ್ಟು ಚೆನ್ನಾಗಿ ನಗುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆಷಾಢ ಮುಗಿದು ಶ್ರಾವಣ ಬಂತು, ಹೆಣ್ಣು ಕೇಳುವವರು ಬಂದರು. ದೊಡ್ಡಪ್ಪನ ಮಗಳು ಸುನೀತಕ್ಕನಿಗೆ ಇಲ್ಲೇ ಶ್ರೀನಗರ ಬಡಾವಣೆಯ ಕಡೆಯಿಂದ ಸಂಬಂಧ ಬಂದಿತ್ತು. ತಾತ ಅವತ್ತೇ ವ್ಯಾನು ನಿಲ್ಲಿಸಿದರು.

"ದಿನಾ ಕಳ್ಸಿ ಅಂತ ಡಾಕ್ಟ್ರು ಹೇಳವ್ರಲ್ಲ ಮಾವ?" ಎಂದಳು ಅಮ್ಮ, ಬಾಗಿಲ ಹಿಂದಿನಿಂದ.

"ಡಾಕ್ಟ್ರು ಬಂದು ನಮ್ ಹುಡ್ಗೀಗೆ ಗಂಡು ಹುಡುಕ್ತಾರಾ? ಸಂಬಂಧ ಕುದುರ್ಲಿ, ಆಮೇಲ್ ನೋಡಾಣ."

ಅತ್ತೆ ಮಾತ್ರ ಬೆಳಿಗ್ಗೆ ತಲೆ ಬಾಚಿ, ಊಟದ ಡಬ್ಬಿ ಹಿಡಿದು ತಾರಸಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಇವತ್ತು ವ್ಯಾನು ಬರಲ್ಲ ಎಂದು ಹೇಳುವ ಕೆಲಸ ನನ್ನದಾಗಿತ್ತು. ನಾಳೆ ಬರಬಹುದೇನೋ ಎಂದು ಎದ್ದು ಒಳಗೆ ಹೋಗುತ್ತಿದ್ದಳು.

ವರಮಹಾಲಕ್ಷ್ಮಿ ಹಬ್ಬದ ಸಂಜೆ ಗಂಡಿನ ಕಡೆ ಹೆಂಗಸರು ಕುಂಕುಮಕ್ಕೆ ಬರುವವರಿದ್ದರು. ಕಳಶಕ್ಕೆ ಸೀರೆ ಉಡಿಸಲು ಯಾರಿಗೂ ಸರಿಯಾಗಿ ಬಾರದೆ, ಅಮ್ಮ ಅತ್ತೆಯನ್ನು ಕರೆದಳು. ನಡುಗುವ ಕೈಯಲ್ಲೇ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಹಸಿರು ರೇಷ್ಮೆಯನ್ನು ನೆರಿಗೆ ನೆರಿಗೆಯಾಗಿ ಕೂರಿಸಿದಳು. ಒಬ್ಬಟ್ಟಿನ ಘಮಲಿನ ನಡುವೆ ನಾವೆಲ್ಲ ಬೆರಗಾಗಿ ನೋಡಿದೆವು. ಮುಗಿದದ್ದೇ ದೊಡ್ಡಮ್ಮ "ಆಯ್ತಲ್ಲ, ಇನ್ ಮೇಲಕ್ ಹೋಗು" ಎಂದಳು.

ಸಂಜೆ ಗಂಡಿನ ತಾಯಿ ಕಳಶದ ಮುಂದೆ ನಿಂತು, "ಅಮ್ಮನಿಗೆ ಎಷ್ಟ್ ಚೆನ್ನಾಗಿ ಸೀರೆ ಉಡ್ಸಿದೀರಾ! ಯಾರು ಉಡ್ಸಿದ್ದು?" ಎಂದರು.

"ನಾನೇ ಉಡ್ಸಿದ್ದು ಕಣಮ್ಮ" ಎಂದು ಬಾಗಿಲಿನಿಂದ ದನಿ ಬಂತು. ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಹಬ್ಬದ ಮನೆಯ ಮಗಳಂತೆ ಅತ್ತೆ ಇಳಿದು ಬಂದಿದ್ದಳು.

"ಇವ್ರು ಯಾರು?"

ಅಜ್ಜಿ ತಾತನ ಮುಖ ನೋಡಿದಳು. ತಾತ ಗಂಟಲು ಸರಿ ಮಾಡಿಕೊಂಡು, "ಮೇಲ್ಗಡೆ ಬಾಡಿಗೆಯವ್ರು" ಎಂದರು.

ಸುಳ್ಳು ಹೇಳಿದ ಮೇಲೆ ಅದನ್ನು ನಡೆಸಿಕೊಡಬೇಕಲ್ಲ! ನಮ್ಮಲ್ಲಿ ಮನೆಮಗಳು ತಟ್ಟೆ ಹಿಡಿದು ಬಂದವರಿಗೆ ತಾಂಬೂಲ ಕೊಡುತ್ತಾಳೆ, ಬಾಡಿಗೆಯವರು ಸೆರಗೊಡ್ಡಿ ಈಸಿಕೊಂಡು ಹೋಗುತ್ತಾರೆ. ಅಜ್ಜಿ ಎದ್ದು, ಸ್ವಂತ ಮಗಳ ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ ಬಾಳೆಹಣ್ಣು ಹಿಡಿದು ನಿಂತಳು. ಅತ್ತೆ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಸೆರಗು ಒಡ್ಡಿ ತಗೊಂಡಳು. "ಬರ್ತೀನಮ್ಮ" ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಅವಳು ಮತ್ತೆ ತಾನಾಗಿ ಕೆಳಗಿಳಿಯಲಿಲ್ಲ. ಊಟ ಬಿಟ್ಟಳು, ಮಾತ್ರೆ ಬಿಟ್ಟಳು. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ, "ಇವ್ರಿಗೆ ಬೆಡ್ ಬೇಡ, ಡೇ ಕೇರ್ ಯಾಕ್ ನಿಲ್ಲಿಸಿದ್ರಿ? ಮತ್ತೆ ಶುರು ಮಾಡಿ" ಎಂದು ಗದರಿ ಕಳಿಸಿದರು. ಲಗ್ನ ಗೊತ್ತಾಗಿತ್ತಲ್ಲ, ತಾತ ಅದಕ್ಕೆ ಒಪ್ಪುತ್ತಾರೆಯೇ? ಊರಾಚೆ, ಏನೂ ಕೇಳದೆ ಸೇರಿಸಿಕೊಂಡು ಗೇಟಿಗೆ ಬೀಗ ಹಾಕುವ ಒಂದು ಖಾಸಗಿ 'ಹೋಮ್' ಹುಡುಕಿದರು. ಆಸ್ಪತ್ರೆ ಬಿಟ್ಟುಕೊಟ್ಟವಳನ್ನು ನಾವು ಕೂಡಿ ಹಾಕಿದೆವು. ಸುನೀತಕ್ಕನ ಮದುವೆ ಜೋರಾಗಿಯೇ ನಡೆಯಿತು.

ಹೈಸ್ಕೂಲಿನಲ್ಲಿದ್ದಾಗ ಅಮ್ಮನ ಜೊತೆ ಒಮ್ಮೆ ನೋಡಲು ಹೋದೆ. ಕೂದಲು ಕತ್ತರಿಸಿದ್ದರು, ಕೆನ್ನೆ ಒಳಗೆ ಹೋಗಿತ್ತು. ಅಮ್ಮನನ್ನು ಕೂರಿಸಿ, ನೀರು ಕೊಟ್ಟು, ನಿಧಾನವಾಗಿ ಕೇಳಿದಳು:

"ಓನರ್ ಚೆನ್ನಾಗವ್ರಾ?"

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅತ್ತೆಯ ತಲೆ ಕೆಟ್ಟಿರಲಿಲ್ಲ. ಬೇಕೆಂದೇ ಕೇಳಿದ್ದಳು. ಮೂರು ಮಳೆಗಾಲ ಕಳೆದು ಅವಳು ಅಲ್ಲೇ ಸತ್ತಳೆಂದು ಫೋನು ಬಂತು.

ಈಗ ನಮ್ಮ ಬೀದಿಯಲ್ಲೇ ಅಂಥ ವ್ಯಾನುಗಳು ಓಡಾಡುತ್ತವೆ. ಮನೆಗೇ ಬಂದು ನೋಡುವ ಡಾಕ್ಟರುಗಳಿದ್ದಾರೆ. ಆಸ್ಪತ್ರೆಗಿಂತ ಕುಟುಂಬವೇ ಮದ್ದು ಎಂದು ಭಾಷಣ ಮಾಡುತ್ತಾರೆ. ಇರಬಹುದು. ಅತ್ತೆ ಎಂದು ಕರೆಯಲು ನನಗಿದ್ದವಳು ಅವಳೊಬ್ಬಳೇ. ಹಾಗೆ ಕರೆಯಲು ಸಿಕ್ಕಿದ್ದು ಒಂದು ಆಷಾಢ, ಅರ್ಧ ಶ್ರಾವಣ.