ಸತ್ತಾಗಲೆಲ್ಲ ಹೊಸ ಹೆಸರು

ಮಡತ್ತುಕುಳಂನ ಮಾಯಣ್ಣ ಹುಟ್ಟುವಾಗ ಮಾಯಣ್ಣನಾಗಿರಲಿಲ್ಲ, ಮಾರಿಮುತ್ತುವಾಗಿದ್ದ. ನಡುವೆ ಸ್ವಲ್ಪ ಕಾಲ ಮಣಿಕಂಡನ್ ಕೂಡ ಆಗಿದ್ದ. ಇದಕ್ಕೆಲ್ಲ ಕಾರಣ ಒಂದು ಅವನ ಗಂಟಲು, ಇನ್ನೊಂದು ಅವನ ಅಜ್ಜಿ ಮುತ್ತಮ್ಮಾಳ್.

ಕುರಿಚಿಯ ಫೌಂಡ್ರಿಯಲ್ಲಿ ಕೆಲಸಕ್ಕಿದ್ದಾಗ ಅವನ ಹಾಡು ಯಂತ್ರಗಳ ಗದ್ದಲ ಮೀರಿ ಗೇಟಿನಾಚೆಗೂ ಕೇಳುತ್ತಿತ್ತು. ಆ ದಾರಿಯಲ್ಲಿ ಹೋಗುತ್ತಿದ್ದ ಸಂಗೀತದ ಟೀಚರ್ ತೆನ್ಮೊಳಿ ಸ್ಕೂಟರ್ ನಿಲ್ಲಿಸಿ, ಹುಡುಗನನ್ನು ಕರೆದೊಯ್ದು ಆಪೆರಾ ಕಲಿಸಿದರು. ಆಪೆರಾ ಎಂದರೆ ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ಇವನದು ಬ್ಯಾರಿಟೋನ್, ಅಂದರೆ ಗಂಡುದನಿಯಲ್ಲಿ ನಡುವಿನದು. ಆಪೆರಾದಲ್ಲೊಂದು ಹಳೆಯ ಅನ್ಯಾಯವಿದೆ: ಮೇಲುದನಿಯವನಿಗೆ ಹುಡುಗಿ ಸಿಗುತ್ತಾಳೆ, ನಡುದನಿಯವನಿಗೆ ಚೂರಿ ಸಿಗುತ್ತದೆ.

ಕೊಯಮತ್ತೂರಿನ ಮೊದಲ ಪ್ರದರ್ಶನದಲ್ಲೇ ಮಾರಿಮುತ್ತು ಬಹಳ ಚೆನ್ನಾಗಿ ಸತ್ತ. ಮುಂದಿನ ಸಾಲಿನಲ್ಲಿದ್ದ ಮುತ್ತಮ್ಮಾಳ್ ಎದೆ ಬಡಿದುಕೊಂಡು ಅತ್ತುಬಿಟ್ಟಳು. ಅಲ್ಲೇ ಎಡವಟ್ಟಾಯಿತು. ಸತ್ತನೆಂದು ಒಮ್ಮೆ ಅತ್ತ ಮೇಲೆ ಮನುಷ್ಯ ತಿರುಗಿ ಬಂದರೆ ಅವನು ಹೊಸದಾಗಿ ಹುಟ್ಟಬೇಕು, ಹೊಸ ಹೆಸರು ಇಡಿಸಿಕೊಳ್ಳಬೇಕು, ಹಳೆಯ ಹೆಸರನ್ನು ಯಾರೂ ಎತ್ತಬಾರದು. ಅದು ಆ ಮನೆಯ ಕಟ್ಟಳೆ. ಅಜ್ಜಿಗೆ ಅರಿವೆ ಚಿಂತೆ ಎನ್ನುತ್ತಾರೆ. ಈ ಅಜ್ಜಿಗೆ ಮೈಲಿಗೆಯ ಚಿಂತೆ.

"ಅವ್ವಾ, ಅದು ಬರೀ ನಾಟಕ!"

"ನಾಟಕ ನಿಂದು ಸಾಮಿ. ಅಳು ನಂದು. ಅದು ನೆಜ."

ತೊಟ್ಟಿಲು ಸಾಲದೆ ಅವನನ್ನು ಟ್ರಾಕ್ಟರಿನ ಟ್ರೈಲರಿನಲ್ಲಿ ಮಲಗಿಸಿ, ನಾಲ್ಕು ಜನ ಅಲ್ಲಾಡಿಸಿ, ಬಾಯಿಗೆ ಜೇನು ಸವರಿ ಮಣಿಕಂಡನ್ ಎಂದು ಕೂಗಿದರು. ಮರುವರ್ಷ ಮಣಿಕಂಡನ್ ಸತ್ತ. ಟ್ರೈಲರಿನಿಂದ ಮಾಯಣ್ಣ ಎದ್ದ.

ಪೇಪರಿನವರು ಮಾತ್ರ ಪ್ರತಿ ಸಲ ಹೊಸಬನೊಬ್ಬ ಬಂದನೆಂದು ಸಂಭ್ರಮಪಟ್ಟರು. ಮಾರಿಮುತ್ತುವಿಗಿಂತ ಮಣಿಕಂಡನ್ ವಾಸಿ ಎಂದು ಬರೆದರು. ಅವನು ಮೇಲೇರುತ್ತಲೇ ಇದ್ದ, ಆದರೆ ಮತ್ತೆ ಮತ್ತೆ ಮೊದಲ ಮೆಟ್ಟಿಲಿನಿಂದ. ಒಂದೇ ಹೆಸರಿನಲ್ಲಿ ಜನ ತನ್ನನ್ನು ಗುರುತಿಸಬೇಕು ಎಂದು ಅವನ ಜೀವ ಹಂಬಲಿಸುತ್ತಿತ್ತು. ಅಜ್ಜಿಯನ್ನು ಎದುರಿಸೋಣವೆಂದರೆ ತಾಯಿಯಿಲ್ಲದ ತನ್ನನ್ನು ಸಾಕಿದವಳು ಅವಳೇ. ಬಿಸಿತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಗ ಚೆನ್ನೈನ ದೊಡ್ಡ ಆಪೆರಾ ಕಂಪನಿಯೊಂದು ನಡುದನಿಯ ಮುಖ್ಯ ಗಾಯಕನನ್ನು ಆರಿಸಲು ಕೊಯಮತ್ತೂರಿಗೆ ಬಂತು. ಪೇಪರ್ ನೋಡಿ ಅವರು ಮಣಿಕಂಡನ್, ಮಾಯಣ್ಣ ಇಬ್ಬರನ್ನೂ ಕರೆದರು. ಮುಖ ನೋಡಿ ಮಣೆ ಹಾಕಬಾರದೆಂದು ಪರದೆಯ ಹಿಂದೆ ನಿಲ್ಲಿಸಿ ಹಾಡಿಸುವುದು ಅವರ ಪದ್ಧತಿ. ಒಬ್ಬ ಸೋತರೆ ಇನ್ನೊಬ್ಬ ಗೆಲ್ಲಲಿ ಎಂದು ತೆನ್ಮೊಳಿ ಟೀಚರ್ ಎರಡು ಹೆಸರಿನಲ್ಲೂ ಹಾಡಿಸಿ, ಮಾಯಣ್ಣನ ಹೆಸರಿನ ಮುಂದೆ ಅವನ ಮೊಬೈಲ್ ನಂಬರನ್ನೂ ಮಣಿಕಂಡನ ಹೆಸರಿನ ಮುಂದೆ ಮನೆಯ ಫೋನ್ ನಂಬರನ್ನೂ ಬರೆಸಿದರು. ಮಣಿಕಂಡನ್ ಪರವಾಗಿಲ್ಲ, ಆದರೆ ಜೀವ ಇರುವುದು ಮಾಯಣ್ಣನ ದನಿಯಲ್ಲೇ ಎಂದು ತೀರ್ಪಾಯಿತು. ಗೆದ್ದ ಖುಷಿಯಲ್ಲಿ ಮಾಯಣ್ಣ ಬಿರಿಯಾನಿಗೆ ಕೂತ. ಸೋತ ಮಣಿಕಂಡನ ಸಂಕಟಕ್ಕೆ ಅರ್ಧದಲ್ಲೇ ಎದ್ದ.

ಕಂಪನಿ ಊರೂರಲ್ಲಿ ಮಾಯಣ್ಣ ಎಂದು ದೊಡ್ಡಕ್ಷರದ ಪೋಸ್ಟರ್ ಅಂಟಿಸಿತು. ಮೊದಲ ಆಟ ಕೊಯಮತ್ತೂರಿನಲ್ಲಿ. ಕೊನೆಯ ದೃಶ್ಯದಲ್ಲಿ ಎದುರಾಳಿಯ ಚೂರಿ ಎದೆಗೆ ಬಿತ್ತು. ಕುಸಿಯಬೇಕೆನ್ನುವಷ್ಟರಲ್ಲಿ ಅಜ್ಜಿ ಕಂಡಳು. ಮುಂದಿನ ಸಾಲಿನಲ್ಲಿ, ತುರುಬು ಬಿಚ್ಚಿಕೊಂಡು, ಅಳಲು ಸಿದ್ಧಳಾಗಿ ಕೂತಿದ್ದಳು. ಈಗ ಬಿದ್ದರೆ ಅಷ್ಟೂ ಪೋಸ್ಟರ್ ನೀರುಪಾಲು. ಮಾಯಣ್ಣ ಬೀಳಲಿಲ್ಲ. ಎದುರಾಳಿ ಮತ್ತೆ ಇರಿದ. ವಾದ್ಯದವರು ಸಾವಿನ ಸಂಗೀತವನ್ನು ಮೊದಲಿನಿಂದ ಬಾರಿಸಿದರು. ಮಾಯಣ್ಣ ಎಲ್ಲರಿಗೂ ಕೈಮುಗಿದು, ಚೂರಿಯ ಸಮೇತ ಆರಾಮಾಗಿ ಒಳಗೆ ನಡೆದುಹೋದ. ಮುತ್ತಮ್ಮಾಳ್ ಒಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಬೆಳಗ್ಗೆ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಸಾಯಲು ಬಾರದವನನ್ನು ಕಟ್ಟಿಕೊಂಡು ಆಪೆರಾ ನಡೆಸಲಾಗದು ಎಂದರು. ಅವನು ಜಗಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿರುವಾಗ ಒಳಗೆ ಮನೆಯ ಫೋನ್ ಬಡಿದುಕೊಂಡಿತು. ಅಜ್ಜಿ ಎತ್ತಿಕೊಂಡಳು. ಅದೇ ಕಂಪನಿಯ ಮ್ಯಾನೇಜರ್. ಮಾಯಣ್ಣನ ಜಾಗಕ್ಕೆ ಮಣಿಕಂಡನ್ ಬೇಕು, ಈಗಲೇ ಹೊರಡಲಿ ಎಂದು ಜಗಲಿಗೂ ಕೇಳುವಂತೆ ಕೂಗಿದ. ಅಷ್ಟು ಕಿವಿಗೆ ಬಿದ್ದದ್ದೇ ಮಾಯಣ್ಣ ಎದ್ದು ಓಡಿದ.

ಅವನು ಹೊಸ್ತಿಲು ದಾಟುವಷ್ಟರಲ್ಲಿ ಅಜ್ಜಿ ಹೇಳಿ ಮುಗಿಸಿದ್ದಳು.

"ಅವ್ನಾ? ಅಯ್ಯೋ, ಅವ್ನು ಹೋದ ವರ್ಸವೇ ತೀರಿಹೋದ ಸಾಮಿ, ನಾನೇ ಕಣ್ಣಾರೆ ಕಂಡೆ. ಮಾಯಣ್ಣ ಅವ್ನೆ, ಗುಂಡುಕಲ್ಲಂಗವ್ನೆ. ಕೊಡ್ಲಾ?"